ದಾರಿ ತಪ್ಪಿ ಉಳಿದ ನಾಲ್ಕು ನಿಮಿಷ

ಸ್ಪೀಕರಿನಿಂದ ಹೊರಟದ್ದು ಜೀರುಂಡೆಯಂತೆ ಒಂದೇ ಸಮನೆ ಮೊರೆಯುವ ಸದ್ದು. ನಡುನಡುವೆ ಅದರ ಗುಣ ಬದಲಾಗುತ್ತಿತ್ತು. ಒಮ್ಮೆ ಒರಟು, ಒಮ್ಮೆ ನಯ, ಒಮ್ಮೆ ಕೀರಲು. ಮನಾಮಾದ ಗುದೈಬಿಯಾ ಬಡಾವಣೆಯ ಆ ಫ್ಲ್ಯಾಟಿನಲ್ಲಿ ಸೇರಿದ್ದ ಎಂಟು ಹತ್ತು ಮಂದಿ ಮುಖ ಮುಖ ನೋಡಿಕೊಂಡರು. ಮನೆಯ ಯಜಮಾನರು ಕುಂದಾಪುರ ಕಡೆಯವರು, ರಜೆಯ ದಿನ ಯಕ್ಷಗಾನಕ್ಕೆ ಭಾಗವತರಾಗಿ ಕೂರುವವರು. ಕಣ್ಣು ಮುಚ್ಚಿ ಒಂದು ಗಳಿಗೆ ಕೇಳಿದರು. ‘ನಾಲ್ಕೂವರೆ ಮನೆ ಶ್ರುತಿಗೆ ಹತ್ತಿರ ಉಂಟಲ್ಲ ಮಾರಾಯ್ರೆ, ಒಂದು ಚೂರು ಏರಿದೆ ಅಷ್ಟೆ’ ಎಂದರು.

ಅವರ ಕಿವಿ ಮೋಸಹೋಗಿರಲಿಲ್ಲ. ಹಾರ್ಮೋನಿಯಂನ ಆ ಮನೆ ಸೆಕೆಂಡಿಗೆ 370 ಸಲ ಕಂಪಿಸುತ್ತದೆ. ನಾವು ಕೇಳುತ್ತಿದ್ದ ಸದ್ದಿನ ಮೂಲ ಲೆಕ್ಕ 375. ಆದರೆ ಅದು ಸಂಗೀತವಲ್ಲ, ಚಿತ್ರ. 1933ರ ಏಪ್ರಿಲಿನಲ್ಲಿ ಬಿಬಿಸಿ ಲಂಡನ್ನಿನಿಂದ ಬಿತ್ತರಿಸಿದ ಒಂದು ಹಾಡು-ಕುಣಿತದ ಕಾರ್ಯಕ್ರಮ. ಹವ್ಯಾಸಿಯೊಬ್ಬರು ಮನೆಯಲ್ಲೇ ಅದರ ಸಂಕೇತವನ್ನು ಗ್ರಾಮಫೋನ್ ತಟ್ಟೆಯಂಥ ಅಲ್ಯೂಮಿನಿಯಂ ತಟ್ಟೆಯ ಮೇಲೆ ಕೊರೆದಿಟ್ಟುಕೊಂಡಿದ್ದರು. ಎಷ್ಟೋ ದಶಕಗಳ ಮೇಲೆ ಡೊನಾಲ್ಡ್ ಮೆಕ್ಲೀನ್ ಎಂಬ ಬ್ರಿಟಿಷ್ ಎಂಜಿನಿಯರ್ ಕಂಪ್ಯೂಟರಿನ ಸಹಾಯದಿಂದ ಆ ಮೊರೆತವನ್ನು ಬಿಡಿಸಿ ಮತ್ತೆ ಚಿತ್ರವಾಗಿ ಕಟ್ಟಿದರು. ಲ್ಯಾಪ್‌ಟಾಪಿನ ಪರದೆಯಲ್ಲಿ ಸಾಲಾಗಿ ಕಾಲೆತ್ತಿ ಕುಣಿಯುವ ಹುಡುಗಿಯರು ಕಂಡಾಗ ಭಾಗವತರು ಎದ್ದು ಹತ್ತಿರ ಬಂದರು. ‘ಈ ಸದ್ದಿನ ಒಳಗೆ ಇವರೆಲ್ಲ ಇದ್ದರಾ?’

ಇದ್ದರು. ಅದು ಹೇಗೆ ಎಂಬುದೇ ಈ ಅಧ್ಯಾಯ.

ಬ್ರಿಟನ್ನಿನ ಮೊದಮೊದಲ ಟೀವಿ ಕಾರ್ಯಕ್ರಮಗಳ ಒಂದು ಸಂಜೆಯನ್ನು ತೋರಿಸುತ್ತೇನೆಂದು ಆ ಮನೆಯ ಮಕ್ಕಳಿಗೆ ನಾನು ಮಾತು ಕೊಟ್ಟಿದ್ದೆ. ಮೇ ತಿಂಗಳ ಶುಕ್ರವಾರ, ಬಹರೈನಿಗೆ ವಾರದ ರಜೆ. ನಾನು ತಂದಿದ್ದದ್ದು ಎರಡೇ ತುಣುಕು, ಒಂದೊಂದೂ ನಾಲ್ಕು ನಿಮಿಷದ ಆಸುಪಾಸು. ಮಹಾಯುದ್ಧಕ್ಕೆ ಮುಂಚಿನ ಟೀವಿ ಹುಟ್ಟಿದ ಕ್ಷಣವೇ ಕರಗಿಹೋಗುತ್ತಿತ್ತು. ಕಲಾವಿದರು ಕ್ಯಾಮೆರಾದ ಮುಂದೆ ಆಡಿದ್ದು ಆಗಲೇ ನೋಡಿದವರಿಗೆ ಮಾತ್ರ. ಕೆಲಸಕ್ಕೆ ಬರುವಂಥ ವಿಡಿಯೊ ಟೇಪ್ ಮಾರುಕಟ್ಟೆಗೆ ಬಂದದ್ದೇ 1956ರಲ್ಲಿ.

ಮನೆಯ ದೊಡ್ಡ ಮಗಳಿಗೆ ನಾನು ಮಧ್ಯಾಹ್ನವೇ ಒಂದು ಕೆಲಸ ಹಚ್ಚಿದ್ದೆ. ಕಪ್ಪು ರಟ್ಟಿನಲ್ಲಿ ಮೂವತ್ತು ಸೆಂಟಿಮೀಟರಿನ ಒಂದು ತಟ್ಟೆ ಕತ್ತರಿಸಬೇಕು. ಕೋನಮಾಪಕ ಇಟ್ಟು 12 ಡಿಗ್ರಿಗೊಂದರಂತೆ 30 ಗೆರೆ ಎಳೆಯಬೇಕು. ಅಂಚಿನ ಹತ್ತಿರ ಮೊದಲ ತೂತು, ಮುಂದಿನ ಗೆರೆಯಲ್ಲಿ ಒಂದು ಮಿಲಿಮೀಟರ್ ಒಳಗೆ ಇನ್ನೊಂದು, ಅದರ ಮುಂದಿನದರಲ್ಲಿ ಮತ್ತೊಂದು ಮಿಲಿಮೀಟರ್ ಒಳಗೆ. ಹೀಗೆ 30 ತೂತುಗಳ ಒಂದು ಸುರುಳಿ. ಕೈವಾರದ ಮೊನೆಯಿಂದ ಅವಳು ಚುಚ್ಚಿದ ತೂತುಗಳು ಕೆಲವು ದೊಡ್ಡವು, ಕೆಲವು ಸೊಟ್ಟ. ಅಡ್ಡಿಯಿಲ್ಲ. ನಡುವೆ ಮೊಳೆ ಸಿಕ್ಕಿಸಿ, ಒಂದು ಕಣ್ಣಿನೆದುರು ಹಿಡಿದು, ತಟ್ಟೆಯನ್ನು ಬೀಸಿ ತಿರುಗಿಸಿದಳು. ಕಿಟಕಿಯಾಚೆ ಎದುರು ಅಂಗಡಿಯ ದೀಪದ ಫಲಕ ಹೊತ್ತಿಕೊಂಡಿತ್ತು. ಮೊದಲು ಕಂಡದ್ದು ಬರೀ ಗೆರೆ ಗೆರೆ. ತಿರುಗುವ ವೇಗ ಹೆಚ್ಚಿದಂತೆ ಗೆರೆಗಳು ಕೂಡಿಕೊಂಡು ಫಲಕದ ಅರಬಿ ಅಕ್ಷರಗಳು ಮಬ್ಬಾಗಿ ಮೂಡಿದವು. ‘ಅಂಕಲ್, ತೂತು ಒಂದೊಂದೇ ಹಾದುಹೋಗುತ್ತೆ, ಆದರೆ ಪೂರ್ತಿ ಕಾಣ್ತದೆ!’

ಅಷ್ಟೇ. ಜರ್ಮನಿಯ ಪಾಲ್ ನಿಪ್ಕೋ 1884ರಲ್ಲಿ ಹಕ್ಕುಪತ್ರ ಕೇಳಿದ್ದು ಇಂಥದೇ ತಟ್ಟೆಗೆ. ಒಂದೊಂದು ತೂತು ದೃಶ್ಯದ ಒಂದೊಂದು ಪಟ್ಟಿಯನ್ನು ಗೀಚಿಕೊಂಡು ಹೋಗುತ್ತದೆ. ತಟ್ಟೆ ಒಂದು ಸುತ್ತು ಮುಗಿಸಿದರೆ ದೃಶ್ಯ ಪೂರ್ತಿ ಒಮ್ಮೆ ಗೀಚಿದಂತಾಯಿತು. ತೂತಿನ ಹಿಂದೆ ಬೆಳಕನ್ನು ವಿದ್ಯುತ್ತಾಗಿಸುವ ಕೋಶ ಇಟ್ಟರೆ, ಬೆಳಕಿನ ಏರಿಳಿತವೆಲ್ಲ ತಂತಿಯೊಳಗಿನ ವಿದ್ಯುತ್ತಿನ ಏರಿಳಿತ ಆಗುತ್ತದೆ. ನೋಡುವವನ ಮನೆಯಲ್ಲಿ ಅದೇ ವೇಗದಲ್ಲಿ, ಅದೇ ಹೆಜ್ಜೆಗೆ ಇನ್ನೊಂದು ತಟ್ಟೆ ತಿರುಗಬೇಕು. ಅದರ ಹಿಂದಿನ ನಿಯಾನ್ ದೀಪ ಆ ಏರಿಳಿತದಂತೆ ಮಿನುಗಬೇಕು. ಆಗ ಕಿತ್ತಳೆ ಬಣ್ಣದ ಮುಖವೊಂದು ಮೂಡುತ್ತದೆ, ಬೆಂಕಿಪೊಟ್ಟಣದ ಗಾತ್ರದಲ್ಲಿ. ಎರಡು ತಟ್ಟೆಗಳ ಹೆಜ್ಜೆ ತಪ್ಪಿದರೆ ಮುಖ ಜಾರಿ ಪಕ್ಕಕ್ಕೆ ಹೋಗುತ್ತದೆ.

ಸ್ಕಾಟ್ಲೆಂಡಿನ ಜಾನ್ ಲೋಗಿ ಬೇರ್ಡ್ ಇದನ್ನು ಟೋಪಿ ಪೆಟ್ಟಿಗೆಯ ರಟ್ಟು, ಸೈಕಲ್ ದೀಪದ ಮಸೂರ, ಹೊಲಿಗೆ ಸೂಜಿಗಳನ್ನು ಜೋಡಿಸಿ ಶುರುಮಾಡಿದ. 1926ರ ಜನವರಿ 26ರಂದು ಲಂಡನ್ನಿನ ಸೋಹೋದ ಫ್ರಿತ್ ಬೀದಿಯ ಮಾಳಿಗೆಯಲ್ಲಿ ರಾಯಲ್ ಇನ್‌ಸ್ಟಿಟ್ಯೂಷನ್ನಿನ ಸದಸ್ಯರಿಗೆ ಜೀವಂತ ಮುಖವನ್ನು ತೋರಿಸಿದ. ಅವನ ತಟ್ಟೆಯಲ್ಲೂ ಮುಂದೆ ನೆಲೆನಿಂತದ್ದು 30 ಗೆರೆಗಳೇ. ಅದು ಸೆಕೆಂಡಿಗೆ ಹನ್ನೆರಡೂವರೆ ಸುತ್ತು ತಿರುಗುತ್ತಿತ್ತು. ಮೂವತ್ತನ್ನು ಹನ್ನೆರಡೂವರೆಯಿಂದ ಗುಣಿಸಿ ನೋಡಿ. 375. ಭಾಗವತರ ಕಿವಿಗೆ ಬಿದ್ದ ಶ್ರುತಿ ಅದು.

ಈ 30 ಗೆರೆಯ ಟೀವಿಗೂ ‘ಸಂಜೆ’ ಅಂತ ಒಂದಿತ್ತು, ಅದು ನಡುರಾತ್ರಿಯ ಹತ್ತಿರ. ಬಿಬಿಸಿಯ ರೇಡಿಯೊ ಕಾರ್ಯಕ್ರಮಗಳ ಕೊನೆಗೆ ಚಿತ್ರಕ್ಕೆ ಜಾಗ. 1929ರ ಸೆಪ್ಟೆಂಬರ್ 30ರಂದು ಮೊದಲ ಪ್ರಸಾರವಾದಾಗ ಇದ್ದ ಪ್ರೇಷಕ ಒಂದೇ. ಹಾಗಾಗಿ ಕಲಾವಿದನನ್ನು ಎರಡು ನಿಮಿಷ ನೋಡಬೇಕು, ಆಮೇಲೆ ಎರಡು ನಿಮಿಷ ಕೇಳಬೇಕು. ಮುಂದಿನ ವರ್ಷ ಎರಡನೆಯ ಪ್ರೇಷಕ ಸಿಕ್ಕಿತು, ಮುಖವೂ ಮಾತೂ ಕೂಡಿಕೊಂಡವು. ಅದೇ 1930ರ ಜುಲೈ 14ರಂದು ಇಟಲಿಯ ಪಿರಾಂದೆಲ್ಲೊ ಬರೆದ ಕಿರುನಾಟಕವೊಂದನ್ನು ಆಡಿಸಿದರು. ಬ್ರಿಟಿಷ್ ಟೀವಿಯ ಮೊದಲ ನಾಟಕ ಅದು. 1932ರ ಆಗಸ್ಟಿನಲ್ಲಿ ಬಿಬಿಸಿ ತನ್ನದೇ ಸ್ಟುಡಿಯೊ ತೆರೆಯಿತು. ಒಳಗೆ ಕತ್ತಲೆ. ತೆಳ್ಳನೆಯ ಬೆಳಕಿನ ಕೋಲೊಂದು ಕಲಾವಿದರ ಮೈಮೇಲೆ ಸೆಕೆಂಡಿಗೆ ನೂರಾರು ಸಲ ಗೀಚುತ್ತಿರುವಾಗ ಅವರು ಕುಣಿಯಬೇಕು. ಮೂವತ್ತೇ ಗೆರೆಯಲ್ಲಿ ಕಣ್ಣು ಬಾಯಿ ಕಾಣಲಿ ಎಂದು ಮುಖಕ್ಕೆ ಬಿಳಿ ಬಳಿದು, ತುಟಿಗೂ ಹುಬ್ಬಿಗೂ ಕಪ್ಪು-ನೀಲಿ ತೀಡುತ್ತಿದ್ದರು. ಯಕ್ಷಗಾನದ ಚೌಕಿಯಲ್ಲಿ ಕೂತು ಬಣ್ಣ ಹಚ್ಚುವುದನ್ನು ನೋಡಿದವರಿಗೆ ಇದು ವಿಚಿತ್ರವೆನಿಸದು. ದೊಂದಿಯ ಬೆಳಕಿನಲ್ಲಿ ದೂರದವರಿಗೆ ಕಾಣುವಂತೆ ಮುಖ ಬರೆಯುವವನ ಕಷ್ಟವೂ ಅದೇ ಅಲ್ಲವೆ?

ಇಲ್ಲಿ ಒಂದು ಲೆಕ್ಕ ಹಾಕಲೇಬೇಕು, ಮುಂದಿನ ಕತೆಯೆಲ್ಲ ನಿಂತಿರುವುದು ಅದರ ಮೇಲೆ. 30 ಗೆರೆ, ಗೆರೆಗೆ ಸುಮಾರು 70 ಚುಕ್ಕಿ, ಒಟ್ಟು 2,100 ಚುಕ್ಕಿ. ಸೆಕೆಂಡಿಗೆ ಹನ್ನೆರಡೂವರೆ ಚಿತ್ರ ಎಂದರೆ 26 ಸಾವಿರ ಚುಕ್ಕಿ. ಒಂದು ಕಪ್ಪು, ಒಂದು ಬಿಳುಪು ಕೂಡಿದರೆ ಒಂದು ಕಂಪನ. ಹಾಗಾಗಿ ಹೆಚ್ಚೆಂದರೆ 13 ಸಾವಿರ ಕಂಪನ. ಮನುಷ್ಯನ ಕಿವಿ ಕೇಳುವ ಮಿತಿ 20 ಸಾವಿರ. ಬೇರ್ಡನ ಚಿತ್ರ ಕಿವಿಯ ಅಳತೆಯೊಳಗೇ ಅಡಗುತ್ತಿತ್ತು! ಆದ್ದರಿಂದಲೇ ಅದನ್ನು ಗ್ರಾಮಫೋನ್ ತಟ್ಟೆಗೆ ಕೊರೆಯಲಾಯಿತು. ಕಂಪನಗಳ ಮೇಲಿನ ಅಂಚನ್ನು ತುಸು ಕತ್ತರಿಸಿ ಮಾಮೂಲಿ ಮಧ್ಯಮ ತರಂಗದ ರೇಡಿಯೊದಲ್ಲೇ ಕಳಿಸಲೂ ಆಯಿತು. ರೇಡಿಯೊ ಹೋದಲ್ಲೆಲ್ಲ ಅದೂ ಹೋಗಬಹುದಿತ್ತು. 1928ರ ಫೆಬ್ರವರಿಯಲ್ಲಿ ಬೇರ್ಡ್ ತನ್ನ ಚಿತ್ರವನ್ನು ಕಿರುತರಂಗದ ಮೇಲೆ ಅಟ್ಲಾಂಟಿಕ್ ದಾಟಿಸಿ ನ್ಯೂಯಾರ್ಕಿನ ಹತ್ತಿರದ ಹಾರ್ಟ್ಸ್‌ಡೇಲ್ ಮುಟ್ಟಿಸಿದ್ದ.

ಮಬ್ಬು ಚಿತ್ರ, ದೂರದ ಪಯಣ. ಈ ಜೋಡಿಯನ್ನು ನೆನಪಿಟ್ಟುಕೊಳ್ಳಿ.

1936ರ ನವೆಂಬರ್ 2, ಸೋಮವಾರ. ಉತ್ತರ ಲಂಡನ್ನಿನ ಗುಡ್ಡದ ಮೇಲಿನ ಅಲೆಕ್ಸಾಂಡ್ರಾ ಅರಮನೆಯಿಂದ ಬಿಬಿಸಿಯ ಸ್ಪಷ್ಟ ಚಿತ್ರದ ಟೀವಿ ಶುರುವಾಯಿತು. ಮಧ್ಯಾಹ್ನ ಮೂರಕ್ಕೆ ಉದ್ಘಾಟನೆ, ಆಡೆಲ್ ಡಿಕ್ಸನ್ ಎಂಬ ಗಾಯಕಿಯ ಹಾಡು, ಚೀನೀ ದೊಂಬರಾಟ. ರಾತ್ರಿ ಒಂಬತ್ತಕ್ಕೆ ಮತ್ತೆ ಒಂದು ಗಂಟೆ. ಟೀವಿ ಲಂಡನ್ನಿಗೆ ಬಂದ ಬಗೆಯನ್ನು ತೋರಿಸುವ ಚಿತ್ರ ಮೊದಲು. ಆಮೇಲೆ ‘ಪಿಕ್ಚರ್ ಪೇಜ್’. ಜೋನ್ ಮಿಲ್ಲರ್ ಎಂಬ ನಟಿ ಟೆಲಿಫೋನ್ ಎಕ್ಸ್‌ಚೇಂಜಿನ ಹುಡುಗಿಯಂತೆ ಕೂತು, ಒಬ್ಬೊಬ್ಬರೇ ಅತಿಥಿಗೆ ಲೈನ್ ಜೋಡಿಸಿಕೊಡುವ ಮಾತುಕತೆ. ಕೊನೆಗೆ ವಾರ್ತಾಚಿತ್ರ. ಹತ್ತಕ್ಕೆ ಮುಕ್ತಾಯ. ಪೂರ್ತಿ ಒಂದು ಸಂಜೆ, ಹಿಡಿದಿಡಲು ಯಂತ್ರವಿಲ್ಲ.

ಅಲ್ಲಿ ಎರಡು ಪದ್ಧತಿಗಳು ವಾರ ಬಿಟ್ಟು ವಾರ ಪೈಪೋಟಿ ನಡೆಸಿದವು. ಬೇರ್ಡನದು 240 ಗೆರೆ. ಅವನ ಸ್ಟುಡಿಯೊ ಕ್ಯಾಮೆರಾ ಮೊದಲು ಸಿನಿಮಾ ರೀಲಿನಲ್ಲಿ ಚಿತ್ರ ಹಿಡಿಯುತ್ತಿತ್ತು. ರೀಲು ಅಲ್ಲೇ ಕೆಳಗಿನ ತೊಟ್ಟಿಗಳಲ್ಲಿ ಸಂಸ್ಕರಣೆಗೊಂಡು, ಒದ್ದೆ ಇರುವಾಗಲೇ, ಸುಮಾರು ಒಂದು ನಿಮಿಷ ತಡವಾಗಿ ಪ್ರಸಾರಕ್ಕೆ ಹೋಗುತ್ತಿತ್ತು. ಐಸಾಕ್ ಶೋನ್‌ಬರ್ಗ್ ನೇತೃತ್ವದ ಮಾರ್ಕೋನಿ-ಇಎಂಐ ತಂಡದ್ದು 405 ಗೆರೆ, ತಟ್ಟೆಯೂ ಇಲ್ಲ ತೊಟ್ಟಿಯೂ ಇಲ್ಲ. ಎಮಿಟ್ರಾನ್ ಎಂಬ ಗಾಜಿನ ಬುರುಡೆಯೊಳಗೆ ಎಲೆಕ್ಟ್ರಾನುಗಳ ಕಿರಣವೇ ಗೀಚುವ ಕೆಲಸ ಮಾಡುತ್ತಿತ್ತು. 1937ರ ಫೆಬ್ರವರಿಯಲ್ಲಿ ಬೇರ್ಡನ ಪದ್ಧತಿಯನ್ನು ಕೈಬಿಟ್ಟರು. ಅವನನ್ನು ಸೋತವನೆಂದು ಬರೆದು ಮುಗಿಸುವವರ ಜೊತೆ ನಾನಿಲ್ಲ. ಜೀವಂತ ಮುಖ ಇನ್ನೊಂದು ಕೋಣೆಯಲ್ಲಿ ಕಾಣಬಲ್ಲದು ಎಂದು ಜಗತ್ತಿಗೆ ನಂಬಿಕೆ ಹುಟ್ಟಿಸಿದವನು ಅವನು.

ಈಗ 405ರ ಲೆಕ್ಕ. 405 ಗೆರೆ, ಗೆರೆಗೆ ಸುಮಾರು 500 ಚುಕ್ಕಿ, ಸೆಕೆಂಡಿಗೆ 25 ಚಿತ್ರ. ಹೆಚ್ಚು ಕಡಿಮೆ 50 ಲಕ್ಷ ಚುಕ್ಕಿ, 25 ಲಕ್ಷ ಕಂಪನ. ಇದನ್ನು ಹೊತ್ತ ರೇಡಿಯೊ ಅಲೆ ತನ್ನ ಎರಡೂ ಬದಿಗೆ 25 ಲಕ್ಷದಷ್ಟು ಹರಡಿಕೊಳ್ಳುತ್ತದೆ. ಮಧ್ಯಮ ತರಂಗದ ಒಂದು ರೇಡಿಯೊ ಕೇಂದ್ರಕ್ಕೆ ಬೇಕಾದ ಜಾಗ 9 ಸಾವಿರ. ಒಂದು ಟೀವಿ ಚಿತ್ರ ಕೂರುವ ಜಾಗದಲ್ಲಿ ಐನೂರಕ್ಕೂ ಹೆಚ್ಚು ರೇಡಿಯೊ ಕೇಂದ್ರಗಳು ಕೂರಬಹುದು! ಇಡೀ ಮಧ್ಯಮ ತರಂಗದ ಪಟ್ಟಿಯೇ ಅಷ್ಟು ಅಗಲವಿಲ್ಲ. ಹೀಗಾಗಿ ಟೀವಿ ಅತಿ ಎತ್ತರದ ಆವರ್ತನಗಳಿಗೆ ಏರಬೇಕಾಯಿತು. ಅಲೆಕ್ಸಾಂಡ್ರಾ ಅರಮನೆಯ ಚಿತ್ರ ಹೊರಟದ್ದು 45 ಮೆಗಾಹರ್ಟ್ಸ್‌ನಲ್ಲಿ, ಧ್ವನಿ 41.5ರಲ್ಲಿ.

ಅಲ್ಲಿ ಕಾದಿತ್ತು ತೊಡಕು. ಕಿರುತರಂಗವನ್ನು ಆಕಾಶದ ಅಯಾನುಗೋಲ ಕನ್ನಡಿಯಂತೆ ನೆಲಕ್ಕೆ ಮರಳಿಸುತ್ತದೆ, ಅದಕ್ಕೇ ಅದು ಸಮುದ್ರ ದಾಟುತ್ತದೆ. 30 ಮೆಗಾಹರ್ಟ್ಸ್ ಮೀರಿದ ಅಲೆ ಸಾಮಾನ್ಯ ದಿನಗಳಲ್ಲಿ ಆ ಪದರವನ್ನು ತೂರಿ ಬಾಹ್ಯಾಕಾಶಕ್ಕೆ ಹೋಗಿಬಿಡುತ್ತದೆ. ನೆಲದ ಮೇಲೆ ಅದು ಕ್ಷಿತಿಜದ ತನಕ ನಡೆಯುತ್ತದೆ, ಅಷ್ಟೆ. ಕ್ಷಿತಿಜ ಎಷ್ಟು ದೂರ? ಆಂಟೆನಾದ ಎತ್ತರವನ್ನು ಮೀಟರಿನಲ್ಲಿ ತೆಗೆದುಕೊಂಡು ವರ್ಗಮೂಲ ಕಂಡುಹಿಡಿದು 4.1ರಿಂದ ಗುಣಿಸಿ, ಕಿಲೋಮೀಟರ್ ಸಿಗುತ್ತದೆ. ಗುಡ್ಡ ಮತ್ತು ಗೋಪುರ ಸೇರಿ 600 ಅಡಿ, ಅಂದರೆ 183 ಮೀಟರ್. ಉತ್ತರ 55 ಕಿಲೋಮೀಟರ್. ನಂಬಿ ನೋಡಬಹುದಾದ ದೂರವೆಂದು ಆಗ ಹೇಳುತ್ತಿದ್ದದ್ದು 25 ಮೈಲಿ.

ಚಿತ್ರ ಚೊಕ್ಕವಾಯಿತು, ಪಯಣ ಗಿಡ್ಡವಾಯಿತು.

ಆ ದಿನಗಳ ಬಹರೈನನ್ನು ಇಲ್ಲಿ ನೆನೆಯಬೇಕು. ಬ್ರಿಟನ್ನಿನ ರಕ್ಷಣೆಗೆ ಒಳಪಟ್ಟಿದ್ದ ಪುಟ್ಟ ದ್ವೀಪ, ಮುತ್ತಿನ ವ್ಯಾಪಾರ ಕುಸಿದಿತ್ತು. 1932ರ ಜೂನಿನಲ್ಲಿ ಜಬಲ್ ದುಖಾನ್ ಬುಡದಲ್ಲಿ ಎಣ್ಣೆ ಉಕ್ಕಿತು. ಅದೇ ಅಕ್ಟೋಬರಿನಲ್ಲಿ ಲಂಡನ್ನಿನಿಂದ ಭಾರತಕ್ಕೆ ಬರುವ ಇಂಪೀರಿಯಲ್ ಏರ್‌ವೇಸ್ ವಿಮಾನಗಳು ಇಲ್ಲಿ ಇಳಿಯತೊಡಗಿದವು. ಅದೇ ಡಿಸೆಂಬರಿನಲ್ಲಿ ಬಿಬಿಸಿ ಡ್ಯಾವೆಂಟ್ರಿಯಿಂದ ಸಾಮ್ರಾಜ್ಯಕ್ಕೆಲ್ಲ ಕಿರುತರಂಗದ ಪ್ರಸಾರ ಆರಂಭಿಸಿತು. 1938ರ ಜನವರಿ 3ರಿಂದ ಅರಬಿ ಭಾಷೆಯಲ್ಲೂ ಮಾತಾಡಿತು. ಸುಮಾರು 5,100 ಕಿಲೋಮೀಟರ್ ದೂರದ ಲಂಡನ್ನನ್ನು ಬಹರೈನ್ ಹೀಗೆ ಮನೆಯಲ್ಲೇ ಕೂತು ಕೇಳಬಹುದಿತ್ತು. ನೋಡುವಂತಿರಲಿಲ್ಲ. ಅಡ್ಡ ನಿಂತದ್ದು ರಾಜಕೀಯವಲ್ಲ, ಹಣವೂ ಅಲ್ಲ. ಭೂಮಿ ದುಂಡಗಿರುವುದು ಮತ್ತು ಚಿತ್ರಕ್ಕೆ 50 ಲಕ್ಷ ಚುಕ್ಕಿ ಬೇಕಿರುವುದು.

ಆದರೆ ಒಮ್ಮೊಮ್ಮೆ ಆ ಅಲೆ ದಾರಿ ತಪ್ಪಿದ್ದುಂಟು. ಇಲ್ಲಿಗೆ ನಾನು ತಂದಿದ್ದ ಎರಡನೆಯ ತುಣುಕನ್ನು ಹಾಕಿದೆ.

ಮಾತಿಲ್ಲದ, ಕಂಪಿಸುವ, ಆಗಾಗ ಹರಿದುಹೋಗುವ ಕಪ್ಪು-ಬಿಳುಪು ಚಿತ್ರ. ಹೆಂಗಸಿನ ಮುಖ, ತುಟಿ ಅಲ್ಲಾಡುತ್ತಿದೆ. ಆಕೆ ಬಿಬಿಸಿಯ ನಿರೂಪಕಿ ಜಾಸ್ಮಿನ್ ಬ್ಲೈ. ಆಮೇಲೆ ಹಳೆಗಾಲದ ಉಡುಪು ತೊಟ್ಟವರ ಯಾವುದೋ ನಾಟಕದ ತುಣುಕು. ಒಂದು ಕಾರ್ಟೂನು. 1938ರ ನವೆಂಬರಿನಲ್ಲಿ ಅಮೆರಿಕದ ಲಾಂಗ್ ಐಲೆಂಡಿನ ರಿವರ್‌ಹೆಡ್‌ನಲ್ಲಿದ್ದ ಆರ್‌ಸಿಎ ಕಂಪನಿಯ ಎಂಜಿನಿಯರುಗಳು ಲಂಡನ್ನಿನ ಈ ಪ್ರಸಾರವನ್ನು ಹಿಡಿದು, ಪರದೆಯ ಮುಂದೆ ಸಿನಿಮಾ ಕ್ಯಾಮೆರಾ ಇಟ್ಟು ಚಿತ್ರೀಕರಿಸಿಕೊಂಡರು. 25 ಮೈಲಿಯ ಟೀವಿ ಐದು ಸಾವಿರ ಚಿಲ್ಲರೆ ಕಿಲೋಮೀಟರ್ ಹಾರಿತ್ತು! ಕಾರಣ ಸೂರ್ಯ. ಸುಮಾರು 11 ವರ್ಷಕ್ಕೊಮ್ಮೆ ಸೂರ್ಯನ ಕಲೆಗಳು ಹೆಚ್ಚುತ್ತವೆ. ಆಗ ಅವನ ನೇರಳಾತೀತ ಕಿರಣಗಳು ಅಯಾನುಗೋಲದ ಮೇಲ್ಪದರವನ್ನು ಎಷ್ಟು ದಟ್ಟಮಾಡುತ್ತವೆ ಎಂದರೆ 45 ಮೆಗಾಹರ್ಟ್ಸ್ ಅಲೆ ಕೂಡ ತೂರಲಾರದೆ ಮರಳುತ್ತದೆ. 1937ರಲ್ಲಿ ಆ ಚಕ್ರ ನೆತ್ತಿಗೇರಿತ್ತು. ಮರುವರ್ಷವೂ ಬಿಸಿ ಆರಿರಲಿಲ್ಲ.

ಯುದ್ಧಪೂರ್ವದ ಬಿಬಿಸಿಯ 405 ಗೆರೆಯ ನೇರ ಪ್ರಸಾರದಲ್ಲಿ ಇಂದು ಉಳಿದಿರುವುದು ಈ ನಾಲ್ಕು ನಿಮಿಷವೊಂದೇ. ಅಲೆಕ್ಸಾಂಡ್ರಾ ಅರಮನೆಯ ಸುತ್ತಲಿನ 25 ಮೈಲಿಯಲ್ಲಿ, 1939ರ ಹೊತ್ತಿಗೆ ಸುಮಾರು 20 ಸಾವಿರ ಸೆಟ್ಟುಗಳಿದ್ದ ಆ ಊರಿನಲ್ಲಿ, ಮೂರು ವರ್ಷದ ಸಂಜೆಗಳೆಲ್ಲ ಹರಿದುಹೋದವು. ತಲುಪಬಾರದ ಕಡೆ ತಲುಪಿದ ತುಣುಕು ಮಾತ್ರ ಬದುಕಿತು. ಇದನ್ನು ನೋಡುವಾಗೆಲ್ಲ ನನಗೆ ಗಂಟಲು ಕಟ್ಟುತ್ತದೆ. ಮಕ್ಕಳು ಕೂಡ ಆ ಹೆಂಗಸು ಏನು ಹೇಳುತ್ತಿದ್ದಾಳೆಂದು ತುಟಿ ನೋಡಿ ಊಹಿಸುತ್ತ ಕೂತರು. 1939ರ ಸೆಪ್ಟೆಂಬರ್ 1ರಂದು ಯುದ್ಧಕ್ಕಾಗಿ ಟೀವಿ ನಿಂತಿತು. 1946ರ ಜೂನ್ 7ರಂದು ಮತ್ತೆ ತೆರೆದಾಗ ಮೊದಲು ಮಾತಾಡಿದ್ದೂ ಇದೇ ಜಾಸ್ಮಿನ್ ಬ್ಲೈ.

ಬಹರೈನಿಗೆ ಟೀವಿ ಬಂದದ್ದು ಲಂಡನ್ನಿನಿಂದಲ್ಲ, ಎದುರು ದಡದಿಂದ. ಸೌದಿಯ ದಹ್ರಾನಿನ ವಾಯುನೆಲೆಯಲ್ಲಿ ಅಮೆರಿಕದವರು 1955ರಲ್ಲಿ ಚಿಕ್ಕದೊಂದು ಕೇಂದ್ರ ಹಾಕಿದರು. 1957ರ ಸೆಪ್ಟೆಂಬರಿನಲ್ಲಿ ಅರಾಮ್ಕೊ ಎಣ್ಣೆ ಕಂಪನಿ ಅರಬಿಯಲ್ಲಿ ಪ್ರಸಾರ ಶುರುಮಾಡಿತು. ದಹ್ರಾನಿನಿಂದ ಮನಾಮಾಕ್ಕೆ ನೇರ ಗೆರೆ ಎಳೆದರೆ 50 ಕಿಲೋಮೀಟರಿನ ಒಳಗೆ. ಅಲೆಕ್ಸಾಂಡ್ರಾ ಅರಮನೆಯ ಲೆಕ್ಕವೇ ಇಲ್ಲೂ ಸಲ್ಲುತ್ತದೆ. ಆದರೆ ಇಲ್ಲಿ ಗುಡ್ಡವೂ ಇಲ್ಲ, ಊರೂ ಅಡ್ಡವಿಲ್ಲ, ನಡುವೆ ಸಮುದ್ರ.

ಆ ಸಮುದ್ರಕ್ಕೆ ಇನ್ನೊಂದು ಗುಣವಿದೆ. ಬೇಸಿಗೆಯಲ್ಲಿ ಮರುಭೂಮಿಯ ಬಿಸಿ ಒಣಗಾಳಿ ಕೊಲ್ಲಿಯ ನೀರಿನ ಮೇಲೆ ಹಾಯುತ್ತದೆ. ನೀರಿಗೆ ತಾಗಿದ ಗಾಳಿ ತಂಪು, ಪಸೆ ತುಂಬಿದ್ದು. ಅದರ ಮೇಲಿನದು ಬಿಸಿ, ಒಣಕಲು. ಈ ಎರಡು ಪದರಗಳ ಗಡಿಯಲ್ಲಿ ರೇಡಿಯೊ ಅಲೆ ಕೆಳಕ್ಕೆ ಬಾಗುತ್ತದೆ, ಭೂಮಿ ಬಾಗಿರುವುದಕ್ಕಿಂತ ಹೆಚ್ಚಾಗಿ. ಆಗ ಅದು ಮೇಲೆ ಹೋಗಲಾರದೆ, ಗಾಳಿಯೇ ಕಟ್ಟಿದ ಕೊಳವೆಯೊಳಗೆ ನೂರಾರು ಕಿಲೋಮೀಟರ್ ಹರಿಯುತ್ತದೆ. ಬಿಸಿಲುಗುದುರೆಯನ್ನು ಕಾಣಿಸುವುದೂ ಬೆಳಕಿನ ಇಂಥದೇ ಬಾಗುವಿಕೆ. ಭಾಗವತರು 1984ರಲ್ಲಿ ಇಲ್ಲಿಗೆ ಬಂದವರು. ‘ಸೆಕೆ ಹಿಂಡುವ ರಾತ್ರಿ, ಎಲೆ ಅಲ್ಲಾಡದಿದ್ದರೆ, ಕತಾರು ದುಬೈ ಎಲ್ಲ ಬರ್ತಿತ್ತು. ಗಾಳಿ ಎದ್ದರೆ ಹೋಯ್ತು’ ಎಂದರು. ಸರಿಯಾದ ಮಾತು. ಗಾಳಿ ಎದ್ದು ಪದರಗಳು ಕಲಸಿಹೋದರೆ ಕೊಳವೆ ಒಡೆಯುತ್ತದೆ. ಇದೇ ಕೊಳವೆ ಅರಬ್ಬಿ ಸಮುದ್ರದ ಮೇಲೂ ಕಟ್ಟುತ್ತದೆ. ಎರಡನೆಯ ಮಹಾಯುದ್ಧದಲ್ಲಿ ಮುಂಬಯಿಯ 200 ಮೆಗಾಹರ್ಟ್ಸ್ ರೇಡಾರಿಗೆ ಮುಂಗಾರಿಗೆ ಮುಂಚಿನ ದಿನಗಳಲ್ಲಿ ಸಾವಿರ ಮೈಲಿಗೂ ಆಚೆಯ ಅರೇಬಿಯಾದ ನೆಲ ಪ್ರತಿಧ್ವನಿ ಕೊಡುತ್ತಿತ್ತು.

ಆದರೆ ಹವಾಮಾನವನ್ನು ನಂಬಿ ಟೀವಿ ನಡೆಸಲಾಗದು. ಕ್ಷಿತಿಜವನ್ನು ಗೆಲ್ಲಲು ಗೋಪುರವನ್ನೇ ಆಕಾಶಕ್ಕೆ ಏರಿಸಬೇಕು. ಬಹರೈನಿನ ರಾಸ್ ಅಬು ಜರ್ಜೂರಿನಲ್ಲಿ ಉಪಗ್ರಹ ಭೂಕೇಂದ್ರ ಎದ್ದದ್ದು 1969ರಲ್ಲಿ, ಅರಬ್ ನಾಡುಗಳ ಮೊದಮೊದಲ ಕೇಂದ್ರಗಳಲ್ಲಿ ಅದೊಂದು. 1971ರಲ್ಲಿ ದೇಶ ಸ್ವತಂತ್ರವಾಯಿತು, 1973ರಲ್ಲಿ ಬಹರೈನಿನದೇ ಟೀವಿ ಬಣ್ಣದಲ್ಲೇ ಶುರುವಾಯಿತು. ನಮ್ಮ ಕಡೆ 1975ರ ಆಗಸ್ಟಿನಿಂದ ಒಂದು ವರ್ಷ ರಾಯಚೂರು, ಬಿಜಾಪುರ, ಗುಲ್ಬರ್ಗಾ ಜಿಲ್ಲೆಗಳ ಹಳ್ಳಿಗಳು ಕೋಳಿ ಬಲೆಯಂಥ ತಂತಿಜಾಲರಿಯ ಹತ್ತಡಿ ಛತ್ರಿ ಹಿಡಿದು, ಎಟಿಎಸ್-6 ಉಪಗ್ರಹದಿಂದ ನೇರವಾಗಿ ಕನ್ನಡ ಕಾರ್ಯಕ್ರಮ ನೋಡಿದವು. 36 ಸಾವಿರ ಕಿಲೋಮೀಟರ್ ಎತ್ತರದ ಗೋಪುರಕ್ಕೆ ರಾಯಚೂರೂ ಒಂದೇ, ಮನಾಮಾವೂ ಒಂದೇ.

ಕನ್ನಡದ ಉಪಗ್ರಹ ವಾಹಿನಿಗಳು ಬರುವ ಮುಂಚೆ ಇಲ್ಲಿಯ ಕನ್ನಡಿಗರು ತಮ್ಮ ಸಂಜೆಗಳನ್ನು ತಾವೇ ಕಟ್ಟಿಕೊಂಡರು. ಕನ್ನಡ ಸಂಘ ಬಹರೈನ್ ಹುಟ್ಟಿದ್ದು 1977ರಲ್ಲಿ. ರಾಜ್ಯೋತ್ಸವ, ನಾಟಕ, ಯಕ್ಷಗಾನ ನಡೆದಾಗ ಯಾರಾದರೊಬ್ಬರು ವಿಡಿಯೊ ಕ್ಯಾಮೆರಾ ಹಿಡಿದು ನಿಲ್ಲುತ್ತಿದ್ದರು. ಆ ರಾತ್ರಿ ಊಟ ಮುಗಿದ ಮೇಲೆ ಭಾಗವತರು ಮಂಚದಡಿಯಿಂದ ಒಂದು ರಟ್ಟಿನ ಪೆಟ್ಟಿಗೆ ಎಳೆದರು. ಒಳಗೆ 14 ವಿಎಚ್‌ಎಸ್ ಕ್ಯಾಸೆಟ್ಟುಗಳು. ಒಂದರ ಬೆನ್ನ ಮೇಲೆ ಪೆನ್ಸಿಲಿನಲ್ಲಿ ಪ್ರಸಂಗದ ಹೆಸರು, ಇನ್ನೊಂದರ ಮೇಲೆ ಬರೀ ‘ಆಟ’. ಬೆಳಕಿಗೆ ಹಿಡಿದು ನೋಡಿದೆ. ಎರಡರ ಕಿಟಕಿಯೊಳಗೆ ಟೇಪಿನ ಅಂಚಿಗೆ ಬೂದು ಬಣ್ಣದ ಬೂಷ್ಟು ಹತ್ತಿತ್ತು.

ವಿಎಚ್‌ಎಸ್ ಟೇಪ್ ಎಂದರೆ ಪಾಲಿಯೆಸ್ಟರ್ ಪಟ್ಟಿಯ ಮೇಲೆ ಅಂಟಿನಲ್ಲಿ ಕಲಸಿ ಬಳಿದ ಕಬ್ಬಿಣದ ಆಕ್ಸೈಡಿನ ಕಣಗಳು. ಚಿತ್ರ ಇರುವುದು ಆ ಕಣಗಳ ಕಾಂತತೆಯಲ್ಲಿ. ಅಂಟು ಗಾಳಿಯ ತೇವ ಹೀರಿ ನಿಧಾನವಾಗಿ ಕೊಳೆಯುತ್ತದೆ. ಕೊಲ್ಲಿಯ ಸೆಕೆಗೂ ಕರಾವಳಿಯ ಮಳೆಗಾಲಕ್ಕೂ ಅದು ತಾಳದು. ಬೂಷ್ಟು ಹಿಡಿದ ಟೇಪನ್ನು ಯಂತ್ರಕ್ಕೆ ಹಾಕಬೇಡಿ, ಅದರೊಳಗಿನ ಓದುವ ತಲೆಗೆ (ಹೆಡ್) ಅಂಟಿ ಹರಿಯುತ್ತದೆ. ಒಣಗಿದ ಜಾಗದಲ್ಲಿ ನಿಲ್ಲಿಸಿಡಿ. ಬಲ್ಲವರಿಂದ ಚೊಕ್ಕಮಾಡಿಸಿ ಡಿಜಿಟಲ್ ಪ್ರತಿ ಮಾಡಿಸಿ. ಅದರಲ್ಲಿ ಯಾರಿದ್ದಾರೆ, ಯಾವ ಊರು, ಯಾವ ವರ್ಷ ಎಂದು ಬಲ್ಲ ಹಿರಿಯರಿರುವಾಗಲೇ ಬರೆಸಿಕೊಳ್ಳಿ. ಒಂದು ಪ್ರತಿ ನಿಮ್ಮೂರಿನ ಸಂಘಕ್ಕೆ ಕೊಡಿ.

ಇವನ್ನು ಆಡಿಸುವ ಯಂತ್ರ ತಯಾರಿಸುತ್ತಿದ್ದ ಕೊನೆಯ ಕಂಪನಿ, ಜಪಾನಿನ ಫುನಾಯ್, 2016ರ ಜುಲೈನಲ್ಲಿ ತಯಾರಿಕೆ ನಿಲ್ಲಿಸಿತು. ನಿಮ್ಮ ಅಟ್ಟದಲ್ಲೋ ಮಂಚದಡಿಯಲ್ಲೋ ಇರುವ ಪೆಟ್ಟಿಗೆಯನ್ನು ಈ ರಜೆಯಲ್ಲೇ ಹೊರಗೆ ತೆಗೆಯಿರಿ.